ಹೋಮ್ ಥಿಯೇಟರ್ ಪ್ರೊಸೆಸರ್ ಕೊಳ್ಳಲು ಹೋಗಿ ಅರ್ಥ್ ಗುಂಡಿಗೆ ನೀರು ಸುರಿದ ಕಥೆ

ಈ ವರ್ಷ, ಅಂದರೆ 2025ರ ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಮಳೆ ಬಂದು, ಮೈಸೂರಿನ ನಮ್ಮ ಮನೆಯ ಎವಿ ರಿಸೀವರ್, ಅಂದರೆ ಟಿವಿಯ ಸದ್ದನ್ನು ಕೋಣೆಯ ಸ್ಪೀಕರುಗಳಿಗೆ ಕೊಡುವ ಡಬ್ಬ, ಸತ್ತಿತು. ಸತ್ತಿತು ಅಂದರೆ ಪೂರ್ತಿ ಅಲ್ಲ. ರೇಡಿಯೋ ಬರುತ್ತಿತ್ತು, ಸಿಡಿ ಪ್ಲೇಯರ್ ಹಾಡುತ್ತಿತ್ತು. ಎಚ್‌ಡಿಎಂಐ ಬೋರ್ಡ್ ಮಾತ್ರ ಸುಟ್ಟಿತ್ತು. 2011ರಲ್ಲಿ ಕೊಂಡ ಡಬ್ಬ ಅದು. ರಿಪೇರಿಯವನು ಚೆಕಿಂಗ್ ಚಾರ್ಜ್ ಅಂತ 600 ರೂಪಾಯಿ ತೆಗೆದುಕೊಂಡು, "ಇದರ ಬೋರ್ಡ್ ಈಗ ಎಲ್ಲೂ ಸಿಗಲ್ಲ ಸಾರ್, ಹೊಸದೇ ತೊಗೊಳ್ಳಿ" ಅಂದ.

ಹೊಸದು ತೊಗೊಳ್ಳೋಕೆ ನನಗೂ ಒಂದು ನೆಪ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಟಿವಿಯದೇ ಸ್ಪೀಕರಿನಲ್ಲಿ ಅವರಿಗೆ ಹಿನ್ನೆಲೆ ಸಂಗೀತ ಕೇಳುತ್ತೆ, ಮಾತು ಕೇಳಲ್ಲ. ರಿಸೀವರ್ ಇದ್ದಾಗ ನಡುವಿನ ಸ್ಪೀಕರನ್ನು ಸ್ವಲ್ಪ ಏರಿಸಿಟ್ಟಿದ್ದೆ, ಮಾತು ಬೇರೆಯಾಗಿ ಸ್ಪಷ್ಟವಾಗಿ ಬರುತ್ತಿತ್ತು. "ಅಮ್ಮನಿಗೋಸ್ಕರ" ಅಂತ ಮನೆಯಲ್ಲಿ ಹೇಳಿದೆ. ಹೆಂಡತಿ ನನ್ನ ಮುಖ ನೋಡಿ ಸುಮ್ಮನಾದಳು.

ಅಲ್ಲಿಂದ ಆರು ತಿಂಗಳು. ಈ ವಾರ ಎಲ್ಲ ಮುಗಿಯಿತು. ಮುಂದೆ ಯಾರಾದರೂ ಇದೇ ದಾರಿ ಹಿಡಿದರೆ ನಾನು ಬಿದ್ದ ಗುಂಡಿಗಳಲ್ಲಿ ಬೀಳದಿರಲಿ ಅಂತ ಬರೆಯುತ್ತಿದ್ದೇನೆ. ಗುಂಡಿ ಅಂದದ್ದು ಸುಮ್ನೆ ಮಾತಿಗಲ್ಲ, ನಿಜವಾದ ಗುಂಡಿಯೂ ಒಂದಿದೆ. ಅದು ಆಮೇಲೆ.

ಮೊದಲ ತಪ್ಪು, ನನಗೆ "ರಿಸೀವರ್" ಸಾಕಾಗಿತ್ತು, ಆದರೆ "ಪ್ರೊಸೆಸರ್" ಬೇಕು ಅನ್ನಿಸಿತು. ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ರಿಸೀವರ್ ಅಂದರೆ ಒಂದೇ ಡಬ್ಬದಲ್ಲಿ ಎರಡು ಕೆಲಸ. ಡಾಲ್ಬಿ ಅಟ್ಮಾಸ್, ಡಿಟಿಎಸ್:ಎಕ್ಸ್ ತರಹದ, ಸುತ್ತಲಿಂದಲೂ ಮೇಲಿಂದಲೂ ಬರುವ ಸದ್ದನ್ನು ಬಿಡಿಸಿ ಯಾವ ಸ್ಪೀಕರಿಗೆ ಏನು ಹೋಗಬೇಕು ಅಂತ ಹಂಚುವುದು ಒಂದು, ಆ ಸ್ಪೀಕರುಗಳಿಗೆ ಪವರ್ ಕೊಡುವುದು ಇನ್ನೊಂದು. ಪ್ರೊಸೆಸರ್‌ನಲ್ಲಿ ಮೊದಲನೆಯದು ಮಾತ್ರ ಇರುತ್ತೆ. ಪವರಿಗೆ ಬೇರೆ ಆಂಪ್ಲಿಫೈಯರ್ ಕೊಳ್ಳಬೇಕು. ಒಳಗೆ ಬಿಸಿಯಾಗುವ ಆಂಪ್ ಇಲ್ಲ, ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲ. ಹಾಗಾದರೆ ಅಗ್ಗ ಇರಬೇಕು ಅಲ್ವಾ?

ಇಲ್ಲ. ಇದೇ ನನಗೆ ಮೊದಲು ಸಿಕ್ಕ ಶಾಕ್.

ಮೇ ತಿಂಗಳಲ್ಲಿ ರಾತ್ರಿ ಊಟ ಆದಮೇಲೆ ನೋಟ್‌ಬುಕ್ಕಿನಲ್ಲಿ ಬೆಲೆ ಬರೆದುಕೊಳ್ಳುತ್ತಾ ಕೂರುತ್ತಿದ್ದೆ. ಮರಾಂಟ್ಜ್ ಎವಿ 10 ಅಂತ ಒಂದಿದೆ. ಜಪಾನಿನ ಶಿರಕಾವಾದ ಕಾರ್ಖಾನೆಯಲ್ಲಿ ಮಾಡುತ್ತಾರೆ. 15.4 ಚಾನೆಲ್. ಅಮೆರಿಕದಲ್ಲಿ ಅದು ಬಂದಾಗಿನ ಬೆಲೆ 7,000 ಡಾಲರ್. ಅದರ ಜೋಡಿ ಆಂಪ್‌ಗೆ ಮತ್ತೆ 7,000. ಎಮೋಟಿವಾದ ಆರ್‌ಎಂಸಿ-1 ಬಂದಾಗ 5,000 ಡಾಲರ್. ಮೊನೊಪ್ರೈಸ್‌ನ ಎಚ್‌ಟಿಪಿ-1, 16 ಚಾನೆಲ್, 4,000 ಡಾಲರ್. ಫ್ರಾನ್ಸಿನ ಟ್ರಿನ್ನೋವ್ ಪ್ರೊಸೆಸರುಗಳ ಬೆಲೆ ನೋಡಿದ ದಿನ ನೋಟ್‌ಬುಕ್ ಮುಚ್ಚಿ ಮಲಗಿದೆ. ಅದು ಕಾರಿನ ಲೆಕ್ಕ. ಎಲ್ಲ ಡಾಲರ್ ಬೆಲೆಗಳು, ಅದೂ ಬಿಡುಗಡೆಯಾದಾಗಿನವು. ಇಲ್ಲಿಗೆ ಬರುವ ಹೊತ್ತಿಗೆ ಸುಂಕ, ಜಿಎಸ್‌ಟಿ, ಡೀಲರ್ ಲಾಭ ಎಲ್ಲ ಸೇರುತ್ತೆ.

ಈಗ ಇನ್ನೊಂದು ಕಡೆ ನೋಡಿ. ಡೆನಾನ್ ಎವಿಆರ್-ಎಕ್ಸ್3800ಎಚ್ ಅನ್ನುವ ರಿಸೀವರ್ 2022ರಲ್ಲಿ 1,700 ಡಾಲರಿಗೆ ಬಂತು. ಅದರಲ್ಲಿ 11.4 ಚಾನೆಲ್ ಪ್ರೊಸೆಸಿಂಗ್ ಇದೆ, ಜೊತೆಗೆ ಒಂಬತ್ತು ಆಂಪ್ ಕೂಡ ಇವೆ. ಆಂಪ್ ಇರುವುದು 1,700, ಆಂಪ್ ಇಲ್ಲದ್ದು 4,000, 7,000. ಕುದುರೆಗಿಂತ ಲಗಾಮೇ ದುಬಾರಿ.

ಯಾಕೆ ಹೀಗೆ ಅಂತ ತಿಳಿದುಕೊಳ್ಳೋಕೆ ನನಗೆ ಒಂದು ತಿಂಗಳು ಬೇಕಾಯಿತು. ಪ್ರೊಸೆಸರ್ ಕೊಳ್ಳುವವರು ಕಡಿಮೆ, ಹಾಗಾಗಿ ಒಂದೊಂದರ ಮೇಲೆ ಬೀಳುವ ಖರ್ಚು ಜಾಸ್ತಿ. ಇನ್ನೊಂದು, ಅದರ ಹಿಂಭಾಗದಲ್ಲಿ ಪ್ರತಿ ಚಾನೆಲ್‌ಗೂ ಎಕ್ಸ್‌ಎಲ್‌ಆರ್ ಸಾಕೆಟ್ ಇರುತ್ತೆ. ಮದುವೆ ಮನೆ ಮೈಕಿನ ವೈರಿಗೆ ಇರುತ್ತಲ್ಲ ಮೂರು ಪಿನ್ನಿನ ದಪ್ಪ ಕನೆಕ್ಟರ್, ಅದೇ. ಉದ್ದ ವೈರಿನಲ್ಲೂ ಹೊರಗಿನ ಗುಂಯ್ ಸದ್ದನ್ನು ಅದು ಒಳಗೆ ಬಿಟ್ಟುಕೊಳ್ಳಲ್ಲ. ರಿಸೀವರಿನಲ್ಲಿ ಸಾಮಾನ್ಯವಾಗಿ ಇರುವುದು ಆರ್‌ಸಿಎ, ಹಳೆ ವಿಸಿಡಿ ಪ್ಲೇಯರಿನ ಕೆಂಪು-ಬಿಳಿ ವೈರಿನ ಜಾತಿ. ಆವಾಗ ಈ ವ್ಯತ್ಯಾಸ ಓದಿ "ಅಷ್ಟೇನಾ" ಅಂದುಕೊಂಡಿದ್ದೆ. ಅಕ್ಟೋಬರ್‌ನಲ್ಲಿ ಅದರ ಬೆಲೆ ಗೊತ್ತಾಯಿತು.

ಚಾನೆಲ್ ಸಂಖ್ಯೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಅಂಗಡಿಯವರೂ ಇದರಲ್ಲಿ ಗೊಂದಲ ಮಾಡುತ್ತಾರೆ. "11.4 ಪ್ರೊಸೆಸಿಂಗ್, 9 ಆಂಪ್" ಅಂದರೆ ಹನ್ನೊಂದು ಸ್ಪೀಕರಿಗೆ ಸದ್ದು ಹಂಚುವ ಬುದ್ಧಿ ಇದೆ, ಆದರೆ ಒಂಬತ್ತನ್ನು ಮಾತ್ರ ಓಡಿಸುವ ಶಕ್ತಿ ಇದೆ. ಉಳಿದ ಎರಡಕ್ಕೆ ಹೊರಗಿನ ಆಂಪ್ ಬೇಕು. ಚುಕ್ಕೆಯ ಆಚೆಗಿನ 4 ಅಂದರೆ ನಾಲ್ಕು ಸಬ್‌ವೂಫರನ್ನು (ಬೇಸ್, ಅಂದರೆ ದಪ್ಪ ಸದ್ದಿನ ಸ್ಪೀಕರನ್ನು) ಬೇರೆ ಬೇರೆಯಾಗಿ ಹೊಂದಿಸಬಹುದು ಅಂತ. ನಮ್ಮ ಕೋಣೆ 12ಕ್ಕೆ 17 ಅಡಿ. ಅದರಲ್ಲಿ ಹಿಡಿಸುವುದು 5.1.4, ಅಂದರೆ ಸುತ್ತ ಐದು, ಒಂದು ಸಬ್, ಮೇಲೆ ನಾಲ್ಕು. ಐದು ಮತ್ತು ನಾಲ್ಕು ಸೇರಿ ಒಂಬತ್ತು. ಒಂಬತ್ತು ಆಂಪ್ ಇರುವ ರಿಸೀವರ್ ಸರಿಯಾಗಿ ಸಾಕು. ಈ ಕೂಡಿಸುವ ಲೆಕ್ಕ ಒಂದನೇ ಕ್ಲಾಸಿನದು. ನಾನು ಮಾತ್ರ ಹೊರಗಿನ ಆಂಪ್ ಬೇಕೇ ಬೇಕು ಅಂತ ಹಟ ಹಿಡಿದೆ.

ಜೂನ್‌ನಲ್ಲಿ ನ್ಯೂಜೆರ್ಸಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಡಿಸೆಂಬರಿಗೆ ಬರ್ತೀನಿ ಕಣೋ, ಇಲ್ಲಿಂದ ತರ್ತೀನಿ, ಅರ್ಧ ರೇಟು." ಅರ್ಧ ಅನ್ನುವುದು ಉತ್ಪ್ರೇಕ್ಷೆ, ಆದರೂ ಆಸೆ ಆಯಿತು. ಕೂತು ಲೆಕ್ಕ ಹಾಕಿದೆ. ಅಲ್ಲಿಯದು 120 ವೋಲ್ಟಿನ ಮಷೀನು, ಇಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದೇ ಒಂದು ಹತ್ತು ಕಿಲೋ, ಅದೇ ಗುಂಯ್ ಅನ್ನುತ್ತೆ. ಆ ಡೆನಾನ್ ರಿಸೀವರಿನ ತೂಕವೇ ಹನ್ನೆರಡೂವರೆ ಕಿಲೋ. ಕಸ್ಟಮ್ಸ್‌ನಲ್ಲಿ ಆಗ 50,000 ರೂಪಾಯಿವರೆಗೆ ಸುಂಕ ಇರಲಿಲ್ಲ, ಅದಕ್ಕಿಂತ ಮೇಲಿನ ಮೊತ್ತಕ್ಕೆ ಸರ್‌ಚಾರ್ಜ್ ಸೇರಿ 38.5 ಪರ್ಸೆಂಟ್ ಇತ್ತು. ಇದು ನಾನು ವಿಚಾರಿಸಿದಾಗಿನ ಲೆಕ್ಕ, ನೀವು ತರಿಸುವ ಹೊತ್ತಿಗೆ ಇನ್ನೊಮ್ಮೆ ನೋಡಿಕೊಳ್ಳಿ. ಅಲ್ಲಿನ ವಾರಂಟಿ ಇಲ್ಲಿ ನಡೆಯಲ್ಲ. ಎಲ್ಲ ಕೂಡಿಸಿದರೆ ಉಳಿಯುವುದು ಒಂದು ಒಳ್ಳೆ ಊಟದ ದುಡ್ಡು. ಅವನಿಗೆ "ಬೇಡಪ್ಪ, ಮಕ್ಕಳಿಗೆ ಚಾಕ್ಲೇಟ್ ತಾ" ಅಂದೆ.

ಜುಲೈನಲ್ಲಿ ಒಂದು ಶನಿವಾರ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆ. ಡೆಮೊ ಕೊಡುವ ಎರಡು ಅಂಗಡಿ ಸುತ್ತಿದೆ. ಒಂದು ಕಿವಿಮಾತು: ಡೆಮೊ ಕೋಣೆಯಲ್ಲಿ ಕೇಳಿದ್ದನ್ನು ನಂಬಿ ಡಬ್ಬ ಕೊಳ್ಳಬೇಡಿ. ಗೋಡೆಗೆಲ್ಲ ಸದ್ದು ಹೀರುವ ಪ್ಯಾನೆಲ್, ನೆಲಕ್ಕೆ ದಪ್ಪ ಕಾರ್ಪೆಟ್, ಎರಡು ದೊಡ್ಡ ಸಬ್‌ವೂಫರ್. ಅಲ್ಲಿ ಏನು ಹಾಕಿದರೂ ಚೆನ್ನಾಗಿರುತ್ತೆ. ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ, ಒಂದು ಗೋಡೆ ಪೂರ್ತಿ ಕಿಟಕಿ. ಚಪ್ಪಾಳೆ ತಟ್ಟಿದರೆ ಕೋಣೆಯೇ ತಿರುಗಿ ತಟ್ಟುತ್ತೆ. ಎರಡನೇ ಅಂಗಡಿಯ ಹುಡುಗ ಒಳ್ಳೆಯವನು. "ಸಾರ್, ನಿಮ್ಮ ರೂಮಿಗೆ ಪ್ರೊಸೆಸರ್ ಬೇಡ. ಅದೇ ದುಡ್ಡಲ್ಲಿ ಕರ್ಟನ್ನು, ಕಾರ್ಪೆಟ್ಟು ಹಾಕ್ಸಿ" ಅಂದ. ವ್ಯಾಪಾರ ಬಿಟ್ಟು ಬುದ್ಧಿ ಹೇಳುವವನನ್ನು ಅನುಮಾನದಿಂದ ನೋಡುವುದು ನಮ್ಮ ಅಭ್ಯಾಸ. ಕೇಳಲಿಲ್ಲ. ಆದರೆ ಅವನು ಹೇಳಿದ ಇನ್ನೊಂದು ಮಾತು ಹಿಡಿಸಿತು. ಎಕ್ಸ್3800ಎಚ್‌ನಲ್ಲಿ ಒಳಗಿನ ಆಂಪ್‌ಗಳನ್ನು ಆಫ್ ಮಾಡಿ ಬರೀ ಪ್ರೊಸೆಸರಾಗಿ ಬಳಸಬಹುದು. ಬೇಕಾದ ಚಾನೆಲ್‌ಗೆ ಮಾತ್ರ ಹೊರಗಿನ ಆಂಪ್ ಕೊಡಬಹುದು. ಅಂದರೆ ರಿಸೀವರ್ ಬೆಲೆಗೆ ಪ್ರೊಸೆಸರ್. ನನ್ನ ಹಟಕ್ಕೆ ಬೇಕಾಗಿದ್ದ ಊರುಗೋಲು ಸಿಕ್ಕಿತು.

ನನಗೆ ಹೇಳಿದ ದರ, 18 ಪರ್ಸೆಂಟ್ ಜಿಎಸ್‌ಟಿ ಸೇರಿ, 1,58,000. ಮೇಲಿನ ನಾಲ್ಕು ಸ್ಪೀಕರಿಗೆ 38,000. ಗೋಡೆಗೆ ಕೂರಿಸುವ ಸ್ಟ್ಯಾಂಡು, ಡಬ್ಬ ಇಡುವ ಮೇಜು ಇತ್ಯಾದಿ ಸೇರಿ ಒಟ್ಟು ಬಿಲ್ಲು ಎರಡು ಲಕ್ಷ ದಾಟಿತು. ದಾಟಿದ ಕೂಡಲೇ ಪ್ಯಾನ್ ಕಾರ್ಡ್ ಕೇಳಿದರು. ಇದು ಅಂಗಡಿಯವರ ಕಿರಿಕಿರಿ ಅಲ್ಲ, ಎರಡು ಲಕ್ಷದ ಮೇಲಿನ ಖರೀದಿಗೆ ಪ್ಯಾನ್ ಕೊಡಲೇಬೇಕು. ಅಷ್ಟು ದುಡ್ಡನ್ನು ನಗದಾಗಿ ಪಡೆಯುವ ಹಾಗೂ ಇಲ್ಲ. ನಗದು ಕೊಟ್ಟರೆ ಕಡಿಮೆ ಮಾಡುತ್ತೇವೆ, ಬಿಲ್ ಬೇಡ ಅನ್ನುವವರು ಇನ್ನೊಂದು ಕಡೆ ಸಿಕ್ಕಿದ್ದರು. ಬಿಲ್ ಇಲ್ಲದೆ ವಾರಂಟಿ ಇಲ್ಲ, ದಯವಿಟ್ಟು ಆ ದಾರಿಗೆ ಹೋಗಬೇಡಿ.

50,000 ಮುಂಗಡ ಕೊಟ್ಟೆ. "ಎರಡು ವಾರ ಸಾರ್" ಅಂದರು.

ಎರಡು ವಾರ ನಾಲ್ಕಾಯಿತು. ಫೋನ್ ಮಾಡಿದರೆ ದಿನಕ್ಕೊಂದು ಕಾರಣ. ಮುಂಬೈ ಗೋಡೌನಿನಲ್ಲಿ ಇಲ್ಲ, ಹಡಗಿನಲ್ಲಿ ಇದೆ. ಒಂದು ದಿನ "ಕಂಪನಿನೇ ಮಾರಾಟ ಆಗ್ತಿದೆ ಸಾರ್, ಅದಕ್ಕೇ ಲೇಟು" ಅಂದರು. ಮಾರಾಟ ಆಗಿದ್ದು ನಿಜ. ಡೆನಾನ್, ಮರಾಂಟ್ಜ್ ಎರಡೂ ಇದ್ದ ಸೌಂಡ್ ಯುನೈಟೆಡ್ ಅನ್ನು ಸ್ಯಾಮ್‌ಸಂಗ್ ಒಡೆತನದ ಹರ್ಮನ್ 35 ಕೋಟಿ ಡಾಲರಿಗೆ ಕೊಳ್ಳುವುದಾಗಿ ಮೇ ತಿಂಗಳಲ್ಲೇ ಹೇಳಿತ್ತು, ಸೆಪ್ಟೆಂಬರಿನಲ್ಲಿ ಅದು ಮುಗಿಯಿತು. ಅದಕ್ಕೂ ನನ್ನ ಡಬ್ಬಕ್ಕೂ ಏನು ಸಂಬಂಧವೋ ದೇವರಿಗೇ ಗೊತ್ತು. ನಡುವೆ ಆಗಸ್ಟ್‌ನಲ್ಲಿ ಜಿಎಸ್‌ಟಿ ಇಳಿಯುತ್ತೆ ಅಂತ ಸುದ್ದಿ ಬಂತು. ಆರ್ಡರ್ ಕ್ಯಾನ್ಸಲ್ ಮಾಡಿ ಕಾಯೋಣವಾ ಅಂತ ಎರಡು ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ಸೆಪ್ಟೆಂಬರ್ 22ರಿಂದ ಇಳಿದದ್ದು ದೊಡ್ಡ ಟಿವಿಗಳಿಗೆ, 28ರಿಂದ 18ಕ್ಕೆ. ನನ್ನ ಬಿಲ್ಲಿನಲ್ಲಿ ಮೊದಲೇ 18 ಇತ್ತು.

ಸೆಪ್ಟೆಂಬರ್ 6, ಶನಿವಾರ, ಡಬ್ಬ ಬಂತು. ಮಗ ಕತ್ತರಿ ತಂದ. ನಾನು ಮೊಬೈಲಿನಲ್ಲಿ ವಿಡಿಯೋ ಶುರು ಮಾಡಿದೆ. ಇದೊಂದು ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ. ಟೇಪಿನ ಕೆಳಗೆ ಇನ್ನೊಂದು ಟೇಪಿನ ಗುರುತು ಕಂಡಿತು. ಒಳಗಿನ ಥರ್ಮಾಕೋಲಿನ ಒಂದು ಮೂಲೆ ಮುರಿದಿತ್ತು. ರಿಮೋಟಿನಲ್ಲಿ ಬ್ಯಾಟರಿ ಮೊದಲೇ ಹಾಕಿತ್ತು! ಕೋಣೆಯಲ್ಲಿ ಸದ್ದು ಹೇಗೆ ಕೇಳುತ್ತೆ ಅಂತ ಅಳೆಯುವ ಪುಟ್ಟ ಮೈಕ್ ಇರಲೇ ಇಲ್ಲ. ಡಬ್ಬದ ಮೇಲಿನ ಸೀರಿಯಲ್ ನಂಬರಿಗೂ ಮಷೀನಿನ ಹಿಂದಿನ ನಂಬರಿಗೂ ತಾಳೆ ಆಗಲಿಲ್ಲ. ಶೋರೂಮಿನಲ್ಲಿ ಇಟ್ಟು ಓಡಿಸಿದ ಪೀಸನ್ನು ಹೊಸದು ಅಂತ ಕಳಿಸಿದ್ದರು.

ಫೋನ್ ಮಾಡಿದೆ. "ಮೈಕ್ ತಾನೇ ಸಾರ್, ಬೇರೆ ಕಳಿಸ್ತೀವಿ, ನೀವು ಬಳಸಿ" ಅಂದರು. ಜೋರಾಗಿ ಜಗಳ ಆಡುವ ಸ್ವಭಾವ ನನ್ನದಲ್ಲ. ವಿಡಿಯೋ, ಎರಡು ಸೀರಿಯಲ್ ನಂಬರಿನ ಫೋಟೋ, ಬಿಲ್ಲು ಮೂರನ್ನೂ ಈಮೇಲ್ ಮಾಡಿ, "ಗ್ರಾಹಕರ ವೇದಿಕೆಗೆ ಹೋಗುವ ಮುಂಚೆ ನಿಮಗೆ ಒಂದು ಅವಕಾಶ" ಅಂತ ಒಂದು ಸಾಲು ಸೇರಿಸಿದೆ. ಮಾರನೆಯ ದಿನವೇ ಮಾತಿನ ಧಾಟಿ ಬದಲಾಯಿತು. ಆದರೂ ಬದಲಿ ಪೀಸ್ ಬರೋಕೆ ಮೂರು ವಾರ. ಅಷ್ಟೂ ದಿನ ಆ ಮೊದಲ ಪೀಸಿನ ಡಬ್ಬ ಹಜಾರದ ನಡುವೆ ಕೂತಿತ್ತು, ಬೆಕ್ಕು ಅದರ ಮೇಲೆ ಮಲಗುತ್ತಿತ್ತು.

ಎರಡನೆಯದು ಸೆಪ್ಟೆಂಬರ್ 27ಕ್ಕೆ ಬಂತು. ದಸರಾ ನಡೆಯುತ್ತಿತ್ತು, ನಮ್ಮ ಊರಿನಲ್ಲಿ ಆ ದಿನಗಳಲ್ಲಿ ಯಾವ ಕೆಲಸಗಾರನೂ ಕೈಗೆ ಸಿಗಲ್ಲ. ಬಿಚ್ಚಿ ನೋಡಿ, ನಂಬರ್ ತಾಳೆ ಮಾಡಿ, ಮೈಕ್ ಇದೆ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಮುಚ್ಚಿಟ್ಟೆ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಮಷೀನಿನ ಸಾಲಿನಲ್ಲಿ ಇದನ್ನೂ ಇಟ್ಟರು. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದಾಗ ನನ್ನ ಎದೆ ಢವಗುಟ್ಟಿತು. ಮೇಲ್ಭಾಗ ಪೂರ್ತಿ ಗಾಳಿಕಿಂಡಿ, ಪುಡಿ ಒಳಗೆ ಬಿದ್ದರೆ? "ಡಬ್ಬಕ್ಕೇ ಇಡೇ, ಒಳಗಿನದಕ್ಕೆ ಬೇಡ" ಅಂದೆ. "ರೀ, ಎರಡು ಲಕ್ಷ ಕೊಟ್ಟು ಕುಂಕುಮಕ್ಕೆ ಹೆದರೋ ವಸ್ತು ತಂದಿದ್ದೀರಲ್ಲ" ಅಂತ ರಟ್ಟಿನ ಮೇಲೆ ಇಟ್ಟಳು. ಆ ರಟ್ಟಿನ ಡಬ್ಬ ಈಗಲೂ ಅಟ್ಟದ ಮೇಲಿದೆ. ನೀವೂ ಡಬ್ಬ ಎಸೆಯಬೇಡಿ. ಸರ್ವಿಸ್ಸಿಗೆ ಕಳಿಸುವಾಗ, ಮಾರುವಾಗ ಬೇಕಾಗುತ್ತೆ.

ಇನ್ನು ಆಂಪ್. ಕಾಯುವ ಹೊತ್ತಿನಲ್ಲಿ ಸುಮ್ಮನಿರಲಾರದೆ ಸೆಕೆಂಡ್ ಹ್ಯಾಂಡ್ ಮೂರು ಚಾನೆಲ್ ಪವರ್ ಆಂಪ್ ಒಂದನ್ನು 42,000ಕ್ಕೆ ಕೊಂಡಿದ್ದೆ. ಇಪ್ಪತ್ತು ಕಿಲೋಗೂ ಜಾಸ್ತಿ ತೂಕ. ಮುಂದಿನ ಮೂರು ಸ್ಪೀಕರಿಗೆ ಇದು, ಉಳಿದ ಆರಕ್ಕೆ ರಿಸೀವರಿನ ಆಂಪ್ ಅಂತ ಯೋಜನೆ.

ದಸರಾ ಮುಗಿದ ಭಾನುವಾರ ಜೋಡಿಸಿದೆವು. ಸ್ಪೀಕರ್ ವೈರ್ ಅಂತ ಮೀಟರಿಗೆ ನೂರಾರು ರೂಪಾಯಿ ಕೇಳುತ್ತಾರೆ. ತಾಮ್ರದ 2.5 ಸ್ಕ್ವೇರ್ ಎಂಎಂ ಇದ್ದರೆ ನಮ್ಮಂಥ ಮನೆಗೆ ಧಾರಾಳ ಸಾಕು. ನಾನು ತಂದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಮೇಲಿನ ಸ್ಪೀಕರುಗಳಿಗೆ ಫಾಲ್ಸ್ ಸೀಲಿಂಗ್ ಇಲ್ಲದ ಕಾರಣ ಗೋಡೆಯ ತುದಿಯಲ್ಲಿ, ಸೂರಿಗೆ ಅಂಟಿದ ಹಾಗೆ, ಕೂರುವ ಜಾಗದ ಕಡೆ ಬಾಗಿಸಿ ಹಾಕಿದೆವು. ಕೂತವರ ಕಿವಿಯಿಂದ ಸುಮಾರು 45 ಡಿಗ್ರಿ ಮೇಲೆ ಬಂದರೆ ಒಳ್ಳೆಯದು. ಮಗ ಶಾಲೆಯ ಕೋನಮಾಪಕ ಹಿಡಿದು, ದಾರ ಕಟ್ಟಿ ಅಳೆದ.

ಆನ್ ಮಾಡಿದೆ. ಚಿತ್ರ ಬಂತು, ಸದ್ದು ಬಂತು. ಜೊತೆಗೆ, ಗುಂಯ್ಯ್ಯ್.

ಸಿನಿಮಾ ನಡೆಯುವಾಗ ಗೊತ್ತಾಗಲ್ಲ. ನಿಶ್ಶಬ್ದದ ದೃಶ್ಯ ಬಂದ ಕೂಡಲೇ ಗೋಡೆಯ ಹಿಂದೆ ಜೇನುಗೂಡು ಇದ್ದ ಹಾಗೆ. ಮುಂದಿನ ಮೂರು ಸ್ಪೀಕರಿನಲ್ಲಿ ಮಾತ್ರ. ಅಂದರೆ ನನ್ನ 42,000ದ ಆಂಪ್‌ಗೆ ಸೇರಿದವು.

ನಮ್ಮ ಎಲೆಕ್ಟ್ರಿಷಿಯನ್ ಬಂದು ನೋಡಿ ಮೊದಲು ಹೇಳಿದ್ದು, "ಅರ್ಥ್ ಪಿನ್ ತೆಗೆದುಬಿಡೋಣ ಸಾರ್, ನಿಂತುಹೋಗುತ್ತೆ." ನಿಂತೂ ಹೋಗುತ್ತೆ. ಆದರೆ ಒಳಗೆ ಏನಾದರೂ ಶಾರ್ಟ್ ಆದರೆ ಲೋಹದ ಮೈಗೆ ಕರೆಂಟ್ ಬರುತ್ತೆ, ಮುಟ್ಟಿದವರ ಗತಿ ಹೇಳಬೇಕಾಗಿಲ್ಲ. ಈ ಸಲಹೆ ನಿಮಗೂ ಯಾರಾದರೂ ಕೊಟ್ಟೇ ಕೊಡುತ್ತಾರೆ. ಯಾರೇ ಹೇಳಿದರೂ ಮಾಡಬೇಡಿ.

ಬೇಡ ಅಂದಮೇಲೆ ಅವನು ಮೀಟರ್ ತೆಗೆದು ಪ್ಲಗ್ ಪಾಯಿಂಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಇಟ್ಟ. 11 ವೋಲ್ಟ್. ಎರಡು ಮೂರರ ಒಳಗೆ ಇರಬೇಕಾದದ್ದು. "ನಿಮ್ಮ ಮನೆ ಅರ್ಥಿಂಗೇ ಒಣಗಿ ಹೋಗಿದೆ ಸಾರ್" ಅಂದ. ಮನೆ ಕಟ್ಟಿಸಿ ಹದಿನೆಂಟು ವರ್ಷ. ಅರ್ಥ್ ಗುಂಡಿ ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಮ್ಮ ತೋರಿಸಿದರು, ಕಾಂಪೌಂಡಿನ ಮೂಲೆಯಲ್ಲಿ, ಕರಿಬೇವಿನ ಗಿಡದ ಬುಡದಲ್ಲಿ, ಹಳೆ ಹೂಕುಂಡದ ಕೆಳಗೆ. ಮುಚ್ಚಳ ಎತ್ತಿದರೆ ಪೈಪಿನ ಬಾಯಿ ಮಣ್ಣಿನಿಂದ ತುಂಬಿತ್ತು, ವೈರ್ ಹಿಡಿದಿದ್ದ ಬೋಲ್ಟು ತುಕ್ಕು ಹಿಡಿದು ಕೈಗೇ ಪುಡಿಯಾಗಿ ಬಂತು. ಹೊಸ ಬೋಲ್ಟು, ಹೊಸ ತಾಮ್ರದ ವೈರು, ಎರಡು ಮೂಟೆ ಇದ್ದಿಲು-ಉಪ್ಪು, ಆಮೇಲೆ ಬಕೆಟ್ ಬಕೆಟ್ ನೀರು. ಹತ್ತು ಬಕೆಟ್ ನಾನೇ ಸುರಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಸಾರ್, ಬೋರ್‌ವೆಲ್ಲಾ?" ಅಂದರು. "ಇಲ್ಲ, ಹೋಮ್ ಥಿಯೇಟರು" ಅಂದೆ. ಅವರು ಮುಂದೆ ಏನೂ ಕೇಳಲಿಲ್ಲ.

ಸಾಮಾನು, ಕೂಲಿ ಸೇರಿ 4,200 ರೂಪಾಯಿ. ಮೀಟರ್ 3 ವೋಲ್ಟಿಗೆ ಇಳಿಯಿತು. ಗುಂಯ್ ಸದ್ದು ಅರ್ಧ ಇಳಿಯಿತು, ನಿಲ್ಲಲಿಲ್ಲ.

ಉಳಿದರ್ಧದ ಮೂಲ ಸಿಕ್ಕಿದ್ದು ಆಕಸ್ಮಿಕವಾಗಿ. ಮಗ ಡಿಟಿಎಚ್ ಬಾಕ್ಸಿನ ಹಿಂದಿನ ದಪ್ಪ ಕೇಬಲ್ ಬಿಚ್ಚಿದ, ಸದ್ದು ತಟ್ಟನೆ ನಿಂತಿತು. ಮತ್ತೆ ಹಾಕಿದ, ಬಂತು. ತಾರಸಿಯ ಡಿಶ್ಶಿನಿಂದ ಬರುವ ಕೇಬಲ್ಲಿನ ಹೊದಿಕೆ ಒಂದು ಕಡೆ ಭೂಮಿಗೆ ತಾಗಿದೆ, ಆಂಪ್‌ನ ಮೂರನೇ ಪಿನ್ ಇನ್ನೊಂದು ಕಡೆ ತಾಗಿದೆ. ಎರಡು ದಾರಿ ಸೇರಿ ಒಂದು ಸುತ್ತು ಆಗಿಬಿಟ್ಟಿದೆ. ಆ ಸುತ್ತಿನಲ್ಲಿ ಸಣ್ಣ ಕರೆಂಟ್ ಹರಿದು, ಆರ್‌ಸಿಎ ವೈರಿನ ಮೂಲಕ ಸ್ಪೀಕರಿಗೆ ಬರುತ್ತಿದೆ. ಇದಕ್ಕೇ ಪ್ರೊಸೆಸರುಗಳಲ್ಲಿ ಎಕ್ಸ್‌ಎಲ್‌ಆರ್ ಇಡುವುದು. ಮೇ ತಿಂಗಳಲ್ಲಿ "ಅಷ್ಟೇನಾ" ಅಂದುಕೊಂಡಿದ್ದೆನಲ್ಲ, ಅದು. ಈ ಸುತ್ತನ್ನು ಕಡಿಯೋಕೆ ಕೇಬಲ್ಲಿಗೆ ಐಸೊಲೇಟರ್ ಅಂತ ಸಿಗುತ್ತೆ, ಆದರೆ ಡಿಶ್ಶಿಗೆ ಬಾಕ್ಸಿನಿಂದಲೇ ಕರೆಂಟ್ ಹೋಗಬೇಕಲ್ಲ, ಸಾಮಾನ್ಯ ಐಸೊಲೇಟರ್ ಅದನ್ನೂ ತಡೆದುಬಿಡುತ್ತೆ. ಎಲೆಕ್ಟ್ರಿಷಿಯನ್ನನ್ನು ಮತ್ತೆ ಕರೆಸಿ, ಕೇಬಲ್ ಮನೆಯೊಳಗೆ ಬರುವ ಕಡೆ ಅದರ ಹೊದಿಕೆಯನ್ನು ಹಸಿರು ವೈರಿನಿಂದ ಅದೇ ಅರ್ಥ್‌ಗೆ ಸೇರಿಸಿದೆವು. ಈಗ ಸ್ಪೀಕರಿಗೆ ಕಿವಿ ಇಟ್ಟರೆ ಮಾತ್ರ ಕೇಳುವಷ್ಟು ಉಳಿಯಿತು.

ಟಿವಿ ಕಡೆಯದೂ ಒಂದು ಮಾತು. ನನ್ನ ಟಿವಿ 2018ರದು, ಅದರಲ್ಲಿ ಆರ್ಕ್ (ಟಿವಿಯ ಸದ್ದನ್ನು ಎಚ್‌ಡಿಎಂಐ ವೈರಿನಲ್ಲೇ ರಿಸೀವರಿಗೆ ಕಳಿಸುವ ದಾರಿ) ಮಾತ್ರ ಇದೆ, ಅದಕ್ಕಿಂತ ಅಗಲವಾದ ಹೊಸ ದಾರಿ ಇ-ಆರ್ಕ್ ಇಲ್ಲ. ಟಿವಿಯ ಆ್ಯಪ್‌ಗಳಿಂದ ಬರುವ ಅಟ್ಮಾಸ್‌ಗೆ ಇಷ್ಟು ಸಾಕು. ಬ್ಲೂರೇ ಡಿಸ್ಕಿನ ಪೂರ್ತಿ ಸದ್ದಿಗೆ ಸಾಲದು. ಎಷ್ಟೋ ಟಿವಿಗಳು ಡಿಟಿಎಸ್ಸನ್ನು ಮುಂದಕ್ಕೆ ಬಿಡುವುದೇ ಇಲ್ಲ. ಹಾಗಾಗಿ ಪ್ಲೇಯರನ್ನು ಟಿವಿಗೆ ಹಾಕದೆ ನೇರ ರಿಸೀವರಿಗೆ ಹಾಕಿ. ಇದಕ್ಕೋಸ್ಕರ ಹೊಸ ಟಿವಿ ಕೊಳ್ಳಬೇಕಾಗಿಲ್ಲ.

ಆಮೇಲೆ ಕೋಣೆ ಅಳೆಯುವ ಕೆಲಸ. ಆಡಿಸ್ಸಿ ಅಂತ ಅದರೊಳಗಿನ ವ್ಯವಸ್ಥೆಯ ಹೆಸರು. ಮೈಕನ್ನು ಕಿವಿಯ ಎತ್ತರದಲ್ಲಿ ಎಂಟು ಜಾಗದಲ್ಲಿ ಇಡಬೇಕು. ಒಂದೊಂದು ಜಾಗದಲ್ಲೂ ಪ್ರತಿ ಸ್ಪೀಕರ್ "ಚೂಂಯಿಕ್" ಅಂತ ಕೂಗುತ್ತೆ. ಆ ಹೊತ್ತಿನಲ್ಲಿ ಬೇರೆ ಸದ್ದು ಇರಕೂಡದು. ಮೊದಲ ದಿನ ಮೂರನೇ ಜಾಗಕ್ಕೆ ಕುಕ್ಕರ್ ಕೂಗಿತು. ಎರಡನೇ ದಿನ ಗ್ಯಾಸ್ ಸಿಲಿಂಡರಿನ ಆಟೋ. ಅಷ್ಟರಲ್ಲಿ ದೀಪಾವಳಿ ಬಂತು, ಒಂದು ವಾರ ಪಟಾಕಿ. ಕೊನೆಗೆ ಅಕ್ಟೋಬರ್ 26ರ ರಾತ್ರಿ ಒಂದೂವರೆಗೆ, ಫ್ಯಾನ್, ಫ್ರಿಜ್ ಎಲ್ಲ ಆಫ್ ಮಾಡಿ, ಬರಿಗಾಲಿನಲ್ಲಿ ಕಳ್ಳನ ಹಾಗೆ ಓಡಾಡುತ್ತಾ ಮುಗಿಸಿದೆ. ಡಬ್ಬದ ಜೊತೆ ರಟ್ಟಿನ ಸ್ಟ್ಯಾಂಡ್ ಕೊಡುತ್ತಾರೆ, ಸೋಫಾದ ಮೇಲೆ ಅದು ವಾಲುತ್ತೆ. ಕ್ಯಾಮೆರಾದ ಟ್ರೈಪಾಡ್ ಇದ್ದರೆ ಅದನ್ನೇ ಬಳಸಿ. ಫ್ರಿಜ್ ಮತ್ತೆ ಆನ್ ಮಾಡಲು ಮರೆಯಬೇಡಿ. ನಾನು ಮರೆತೆ. ಬೆಳಿಗ್ಗೆ ಹಾಲು ಒಡೆದಿತ್ತು.

ಅಳತೆ ಆದಮೇಲೆ ಅದು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಡಿ. ನನ್ನ ಮುಂದಿನ ಸ್ಪೀಕರುಗಳನ್ನು "ಲಾರ್ಜ್" ಅಂತ ಗುರುತಿಸಿತ್ತು. ಹಾಗೆ ಬಿಟ್ಟರೆ ಅವುಗಳ ಬೇಸ್ ಸಬ್‌ವೂಫರಿಗೆ ಹೋಗುವುದೇ ಇಲ್ಲ. "ಸ್ಮಾಲ್" ಮಾಡಿ 80 ಹರ್ಟ್ಸ್ ಹಾಕಿದೆ, ಅಂದರೆ ಅದಕ್ಕಿಂತ ಕೆಳಗಿನ ದಪ್ಪ ಸದ್ದು ಸಬ್‌ವೂಫರಿಗೆ ಹೋಗುತ್ತೆ. ದೊಡ್ಡ ದುಡ್ಡು ಕೊಟ್ಟ ಸ್ಪೀಕರನ್ನು ಸ್ಮಾಲ್ ಅನ್ನೋಕೆ ಮನಸ್ಸು ಬರಲ್ಲ, ಆದರೂ ಅನ್ನಿ. ಸಬ್‌ವೂಫರಿನ ದೂರ ನಿಜಕ್ಕಿಂತ ಜಾಸ್ತಿ ತೋರಿಸುತ್ತೆ, ಅದು ತಪ್ಪಲ್ಲ. ಸಬ್‌ನೊಳಗೆ ಆಗುವ ತಡವನ್ನೂ ಸೇರಿಸಿ ಲೆಕ್ಕ ಹಾಕಿರುತ್ತೆ. ಅದನ್ನು ಮುಟ್ಟಬೇಡಿ. ಡಿರಾಕ್ ಅನ್ನುವ ಇನ್ನೊಂದು ವ್ಯವಸ್ಥೆಯನ್ನೂ ಇದೇ ಡಬ್ಬಕ್ಕೆ ಹಾಕಬಹುದು, ಅದಕ್ಕೆ ಬೇರೆ ದುಡ್ಡು. ಬಂದಾಗ ಬೇಸ್ ಭಾಗಕ್ಕೆ ಮಾತ್ರ ಆದರೆ 259 ಡಾಲರ್, ಪೂರ್ತಿಗೆ 349 ಇತ್ತು. ಲೈಸೆನ್ಸ್ ಆ ಮಷೀನಿಗೇ ಅಂಟಿಕೊಂಡಿರುತ್ತೆ, ನಾಳೆ ಡಬ್ಬ ಮಾರಿದರೆ ಅದರ ಜೊತೆ ಅದೂ ಹೋಯಿತು. ನಾನು ಆ ದುಡ್ಡಿಗೆ ದಪ್ಪ ಕರ್ಟನ್ ಹಾಕಿಸಿದೆ. ಆ ಬೆಂಗಳೂರಿನ ಹುಡುಗನನ್ನು ನೆನೆಸಿಕೊಂಡು.

ಕರ್ಟನ್ ಬಂದ ದಿನ ಮಗ ಒಂದು ಪರೀಕ್ಷೆ ಇಟ್ಟ. "ಅಪ್ಪ, ಕಣ್ಣು ಮುಚ್ಚಿ ಕೂತ್ಕೋ." ಒಂದು ಸಲ ಹೊರಗಿನ ಆಂಪ್, ಒಂದು ಸಲ ರಿಸೀವರಿನದೇ ಆಂಪ್, ವಾಲ್ಯೂಮ್ ಸರಿಸಮ ಮಾಡಿ. ಹತ್ತು ಸಲ ಬದಲಾಯಿಸಿದ. ನಾನು ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಯೋಚಿಸಿದರೆ ಅದರಲ್ಲಿ ಆಶ್ಚರ್ಯ ಇಲ್ಲ. ಡೆನಾನ್‌ನ ಕಾಗದದಲ್ಲಿ ಚಾನೆಲ್‌ಗೆ 105 ವಾಟ್ ಅಂತಿದೆ. ಅದು ಎರಡು ಚಾನೆಲ್ ಮಾತ್ರ ಓಡಿಸಿದಾಗಿನ ಲೆಕ್ಕ, ಒಂಬತ್ತೂ ಒಟ್ಟಿಗೆ ಓಡಿದರೆ ಅಷ್ಟು ಬರಲ್ಲ. ಆದರೂ ಅಮ್ಮ ಮಲಗಿರುವ ಮನೆಯಲ್ಲಿ ನಾವು ಕೇಳುವ ಸದ್ದಿಗೆ ಸರಾಸರಿ ಒಂದೆರಡು ವಾಟ್ ಸಾಕು. ಪವರ್ ಎರಡರಷ್ಟಾದರೂ ಸದ್ದು ಏರುವುದು ಬರೀ 3 ಡೆಸಿಬೆಲ್.

ಆಂಪ್‌ನ ಪ್ಲಗ್ ಕಿತ್ತೆ. ಕಿವಿ ಇಟ್ಟರೆ ಕೇಳುತ್ತಿದ್ದ ಆ ಕೊನೆಯ ಗುಂಯ್ ಕೂಡ ಹೋಯಿತು. ಮಧ್ಯದ ಸ್ಪೀಕರ್ ಎರಡು ಡೆಸಿಬೆಲ್ ಏರಿಸಿದ್ದೇನೆ. ಅಮ್ಮ ಧಾರಾವಾಹಿ ನೋಡುತ್ತಾ, "ಇವಳು ಇಷ್ಟು ದಿನ ಹೀಗೆಲ್ಲ ಬಯ್ತಾ ಇದ್ಳಾ!" ಅಂದರು. ಟಿವಿ ರಿಮೋಟ್ ಒತ್ತಿದರೆ ಡೆನಾನ್ ತಾನೇ ಆನ್ ಆಗುವ ಹಾಗೆ ಮಾಡಿಟ್ಟಿದ್ದೇನೆ, ಅವರಿಗೆ ಎರಡು ರಿಮೋಟಿನ ಗೋಜಿಲ್ಲ.

ಆಂಪ್ ಮಾರಾಟಕ್ಕೆ ಹಾಕಿದೆ. ಹಾಸನದಿಂದ ಒಬ್ಬರು ಫೋನ್ ಮಾಡಿದ್ದರು, 38,000ಕ್ಕೆ ಒಪ್ಪಿದ್ದಾರೆ, ಭಾನುವಾರ ಬಂದು ತೆಗೆದುಕೊಂಡು ಹೋಗುತ್ತಾರಂತೆ. "ಕಂಡೀಷನ್ ಹೇಗಿದೆ ಸಾರ್?" ಅಂತ ಕೇಳಿದರು. ಆಂಪ್ ಚೆನ್ನಾಗಿದೆ, ನಿಮ್ಮ ಮನೆ ಅರ್ಥ್ ಗುಂಡಿ ಎಲ್ಲಿದೆ ಅಂತ ಗೊತ್ತಾ ಅಂತ ಕೇಳಿದೆ. ನೋಡಿ ಹೇಳ್ತೀನಿ ಅಂದಿದ್ದಾರೆ.